ಸಮುದ್ರದ ಅಕ್ಕೋರು

ಹೋದ ತಿಂಗಳು ನಮ್ಮ ಹೈಸ್ಕೂಲಿನಲ್ಲಿ ಅಕ್ಕೋರ ಶ್ರದ್ಧಾಂಜಲಿ ಸಭೆ ನಡೆಯಿತು. ನಮ್ಮ ಕಡೆ ಶಿಕ್ಷಕಿಯರನ್ನೆಲ್ಲ ಅಕ್ಕೋರು ಎಂದೇ ಕರೆಯುವುದು. ಆದರೆ ಮುಂಡರಗಿಯಲ್ಲಿ ಬರೀ ‘ಅಕ್ಕೋರು’ ಅಂದರೆ ವಿಜ್ಞಾನ ಕಲಿಸುತ್ತಿದ್ದ ಈ ಒಬ್ಬರೇ. ಹುಡುಗರು ಅದಕ್ಕೆ ಇನ್ನೊಂದು ಮಾತು ಸೇರಿಸಿ ಸಮುದ್ರದ ಅಕ್ಕೋರು ಅನ್ನುತ್ತಿದ್ದರು. ಸಭೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಎದ್ದು ಪರಿಸರಪ್ರೇಮಿ, ಆದರ್ಶ ಶಿಕ್ಷಕಿ, ತುಂಬಲಾರದ ನಷ್ಟ ಎಂದರು. ಅವರ ಜೊತೆ ಅದೇ ಶಾಲೆಯಲ್ಲಿ ಕನ್ನಡ ಕಲಿಸಿದವಳು ನಾನು. ಅವರ ಓಣಿಯಲ್ಲೇ ಮನೆ. ನನ್ನ ಸರದಿ ಬಂದಾಗ ಎದ್ದು ನಿಂತೆ, ಕೈಮುಗಿದೆ, ಕೂತುಬಿಟ್ಟೆ. ಮನೆಗೆ ಬಂದು ಅನ್ನಕ್ಕೆ ಇಡುವಾಗ ಎಲ್ಲವೂ ನುಗ್ಗಿ ಬಂದವು.

ಮೊದಲು ನೆನಪಾದದ್ದು ಅವರ ದನಿ. ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ, ಸೋಮೇಶ್ವರ ಗುಡಿಯ ಹತ್ತಿರ, ಕಾಳಿನ ವ್ಯಾಪಾರದ ಮನೆತನ. ಚೀಲಗಳ ರಾಶಿಯ ಆಚೆ ಇರುವ ಹಮಾಲರಿಗೆ ಕೇಳುವಂತೆ ಮಾತಾಡುವುದು ಆ ಮನೆಯವರಿಗೆಲ್ಲ ರೂಢಿ. ಇವರು ಒಂಬತ್ತನೇ ಕ್ಲಾಸಿನಲ್ಲಿ ಪಾಠ ಹೇಳಿದರೆ ಪಕ್ಕದ ನನ್ನ ಕ್ಲಾಸಿನ ಹುಡುಗರು ಹಳಗನ್ನಡ ಬಿಟ್ಟು ಮೀನು ಕಿವಿರಿನಿಂದ ಹೇಗೆ ಉಸಿರಾಡುತ್ತದೆ ಎನ್ನುವುದನ್ನು ಕಲಿಯುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಉದ್ದ ಹೆಜ್ಜೆ ಹಾಕುತ್ತಾ ನಡೆಯುತ್ತಿದ್ದರು. ತಮಾಷೆ ಹೇಳುವಾಗ ಅದು ಮುಗಿಯುವ ಮೊದಲೇ ತಾವೇ ನಗುತ್ತಿದ್ದರಿಂದ ಅವರ ತಮಾಷೆ ಕೊನೆಗೆ ಏನಾಯಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಸಿಟ್ಟು ಬಂದರೆ ಮಾತ್ರ ಪೂರಾ ಹೇಳಿಯೇ ಮುಗಿಸುತ್ತಿದ್ದರು.

ಇಂಥವರಿಗೆ ನೀರೆಂದರೆ ಭಯ. ಈಜು ಬರುತ್ತಿರಲಿಲ್ಲ. ಸಮುದ್ರಕ್ಕೆ ಹೋದಾಗಲೂ ಪಾದ ಮುಳುಗುವಷ್ಟೇ ನೀರಿನಲ್ಲಿ ನಿಲ್ಲುತ್ತಿದ್ದರು. “ಮುಂದ ಬರ್ರಿ ಅಕ್ಕೋರ” ಎಂದು ಹುಡುಗಿಯರು ಕೈ ಹಿಡಿದು ಎಳೆದರೆ “ಇಲ್ಲಿಂದನೂ ಕಾಣತೈತವಾ, ನೀವ ಹೋಗ್ರಿ” ಅನ್ನುತ್ತಿದ್ದರು.

ಅವರು ಸಮುದ್ರವನ್ನು ಹಚ್ಚಿಕೊಂಡದ್ದು ಒಂದು ಬೈಗುಳದಿಂದ. ನಾನು ಈ ಶಾಲೆಗೆ ಸೇರಿದ ವರ್ಷವೇ ಅದು ನಡೆದದ್ದು. ಚಳಿಗಾಲದ ಪ್ರವಾಸಕ್ಕೆಂದು ಹುಡುಗರನ್ನು ಕರೆದುಕೊಂಡು ಅಂಕೋಲೆಯ ಕಡೆ ಹೋಗಿದ್ದೆವು. ಘಟ್ಟ ಇಳಿಯುವಾಗ ನನ್ನ ಹೊಟ್ಟೆ ತೊಳಸಿ, ದಾರಿಯುದ್ದಕ್ಕೂ ಕಿಟಕಿಗೆ ತಲೆ ಆನಿಸಿಕೊಂಡಿದ್ದೆ. ಮಧ್ಯಾಹ್ನ ಒಂದು ಕಡಲತೀರದಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಚಟ್ನಿ, ಚಿತ್ರಾನ್ನ. ಉಣ್ಣಲು ಪ್ಲಾಸ್ಟಿಕ್ಕಿನ ತಟ್ಟೆ, ಕುಡಿಯಲು ನೀರಿನ ಪಾಕೀಟು. ಉಂಡವರು ಉಂಡಲ್ಲೇ ಎಲ್ಲವನ್ನೂ ಬಿಟ್ಟು ಎದ್ದರು. ಗಾಳಿ ಬೀಸಿತು. ತಟ್ಟೆಗಳು ಉರುಳುತ್ತಾ, ಹಾರುತ್ತಾ ಅಲೆಗಳ ಕಡೆ ಹೊರಟವು. ಹುಡುಗರಿಗೆ ಅದೂ ಒಂದು ಆಟ. ಯಾರ ತಟ್ಟೆ ಮೊದಲು ನೀರು ಮುಟ್ಟುತ್ತದೆ ಎಂದು ಕೂಗತೊಡಗಿದರು.

ಅಲ್ಲೇ ದೋಣಿಯ ನೆರಳಿನಲ್ಲಿ ಒಬ್ಬ ಹೆಂಗಸು ಬಲೆ ಹೊಲಿಯುತ್ತಾ ಕೂತಿದ್ದಳು. ಎದ್ದು ನೆಟ್ಟಗೆ ಅಕ್ಕೋರ ಎದುರು ಬಂದು ನಿಂತಳು.

“ಅಮ್ಮಾ, ನೀವು ಟೀಚರಾ?”

“ಹೌದ್ರಿ.”

“ನಾವು ನಿಮ್ಮ ಮನೆ ಅಂಗಳಕ್ಕೆ ಬಂದು, ಹೀಂಗೇ ಉಂಡು ಎಲ್ಲಾ ಚೆಲ್ಲಿ ಎದ್ದುಹೋದ್ರೆ ನೀವು ಎಂತ ಹೇಳ್ತ್ರಿ?”

ಅಕ್ಕೋರು ಬಸ್ಸಿನ ಡ್ರೈವರಿಗೆ “ತಡೀರಿ, ಜಲ್ದಿ ಮಾಡಬ್ಯಾಡ್ರಿ” ಎಂದು ಕೂಗಿ, ಚಪ್ಪಲಿ ಬಿಟ್ಟು, ತಾವೇ ಮೊದಲ ತಟ್ಟೆ ಹೆಕ್ಕಿದರು. ಹುಡುಗರೂ ಹೆಕ್ಕಿದರು. ನಮ್ಮ ಕಸ ಮುಗಿದ ಮೇಲೆ ಅಲ್ಲಿ ಮೊದಲೇ ಬಿದ್ದಿದ್ದ ಕಸಕ್ಕೂ ಕೈ ಹಾಕಿಸಿದರು. ಹೊತ್ತು ಇಳಿಯಿತು. ಮುರ್ಡೇಶ್ವರ ನೋಡುವುದು ತಪ್ಪಿಹೋಯಿತೆಂದು ಕೆಲವರು ಅತ್ತೇಬಿಟ್ಟರು.

ಆ ಹೆಂಗಸಿನ ಹೆಸರು ಮಾದೇವಿ. ಕೆಲಸ ಮುಗಿದ ಮೇಲೆ “ಬನ್ನಿ, ಒಂದು ತೋರಿಸ್ತೆ” ಎಂದು ನಮ್ಮನ್ನು ದಂಡೆಯ ಆ ತುದಿಗೆ ಕರೆದೊಯ್ದಳು. ಅಲ್ಲಿ ಒಂದು ದೊಡ್ಡ ಕಡಲಾಮೆ ಸತ್ತು ಬಿದ್ದಿತ್ತು. ಕುತ್ತಿಗೆಗೆ ನೈಲಾನ್ ದಾರ ಬಿಗಿದುಕೊಂಡಿತ್ತು. ಆಗ ಮಾದೇವಿ ಹೇಳಿದಳು, “ಇದು ನಿಮ್ಮ ಕಸದಿಂದ ಸತ್ತದ್ದಲ್ಲ. ಇದು ನಮ್ಮದೇ ಹರಿದ ಬಲೆ. ನಮ್ಮವರೇ ಯಾರೋ ನೀರಿಗೆ ಬಿಟ್ಟದ್ದು.”

ವಾಪಸು ಬರುವಾಗ ಬಸ್ಸು ಹುಬ್ಬಳ್ಳಿ ಹತ್ತಿರ ಬಂದಾಗ ಅಕ್ಕೋರು ನನ್ನ ಕಡೆ ತಿರುಗಿದರು.

“ನೋಡು ತಂಗಿ, ನಮಗ ಬೈದಳು. ತಮ್ಮ ತಪ್ಪನೂ ಮುಚ್ಚಿಡಲಿಲ್ಲ. ಅದಕ್ಕ ಆಕಿ ಮಾತು ನನಗ ನಾಟಿತು.”

ದುಡ್ಡು ಕೊಟ್ಟು ಪ್ರವಾಸಕ್ಕೆ ಕಳಿಸಿದರೆ ಕಸ ಆರಿಸಲು ಹಚ್ಚಿದ್ದಾರೆ ಎಂದು ಕೆಲವು ಪಾಲಕರು ಮುಖ್ಯಗುರುಗಳ ಹತ್ತಿರ ತಕರಾರು ಒಯ್ದರು. ಅಕ್ಕೋರು ಅವರೆದುರು ಕೂತು ಎಲ್ಲವನ್ನೂ ಕೇಳಿ, “ಹೌದ್ರಿ, ಹಚ್ಚೇನಿ. ಮುಂದಿನ ವರ್ಷನೂ ಹಚ್ಚತೇನಿ. ಬ್ಯಾಡಾದವರು ಕಳಸಬ್ಯಾಡ್ರಿ” ಎಂದರು. ಮುಂದಿನ ವರ್ಷ ಬಸ್ಸು ಅರ್ಧ ಖಾಲಿ ಹೋಯಿತು. ಅದರ ಮುಂದಿನ ವರ್ಷ ತುಂಬಿತು. ನಾನು ಮಾತ್ರ ಘಟ್ಟದ ನೆಪ ಹೇಳಿ ಹಿಂದೆ ಉಳಿದುಬಿಡುತ್ತಿದ್ದೆ.

ಅಲ್ಲಿ ಅವರು ಮಾಡುತ್ತಿದ್ದದ್ದು ದೊಡ್ಡ ಕೆಲಸವೇನಲ್ಲ. ಚಳಿಗಾಲದಲ್ಲಿ ಕಡಲಾಮೆಗಳು ದಂಡೆಗೆ ಬಂದು ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಟ್ಟು ಹೋಗುತ್ತವೆ. ಮಾದೇವಿ ಮತ್ತು ಅವಳ ಊರಿನವರು ಅಂಥ ಗುಂಡಿಗಳನ್ನು ಹುಡುಕಿ, ಅರಣ್ಯ ಇಲಾಖೆಯವರಿಗೆ ತಿಳಿಸಿ, ನಾಯಿ ನರಿ ಮುಟ್ಟದಂತೆ ಸುತ್ತ ಬಲೆ ಕಟ್ಟುತ್ತಾರೆ. ಅಕ್ಕೋರು ಮತ್ತು ಹುಡುಗರು ಅವರ ಕೈಕೆಳಗೆ ಗೂಟ ನೆಡುತ್ತಿದ್ದರು, ಹರಿದ ಬಲೆಯ ತುಂಡುಗಳನ್ನು ಹೆಕ್ಕುತ್ತಿದ್ದರು. ಊಟ ಮಾದೇವಿಯ ಮನೆಯಲ್ಲಿ. ಅಕ್ಕೋರು ಮೀನು ತಿನ್ನುವವರಲ್ಲ; ಮಾದೇವಿ ಅವರಿಗಾಗಿ ಬೇರೆ ಒಲೆಯಲ್ಲಿ ಸೌತೆಕಾಯಿ ಹುಳಿ ಮಾಡುತ್ತಿದ್ದಳು.

ಊರಿಗೆ ಬಂದರೆ ಅಕ್ಕೋರಿಗೆ ಇನ್ನೊಂದು ಕೆಲಸ. ಸಂತೆಯ ದಿನ ಕಾಯಿಪಲ್ಲೆ ಮಾರುವವರ ಪಕ್ಕದಲ್ಲಿ ಒಂದು ದೊಡ್ಡ ಗಾಜಿನ ಜಾಡಿಯಲ್ಲಿ ನೀರು ತುಂಬಿ ಇಟ್ಟುಕೊಂಡು ನಿಲ್ಲುತ್ತಿದ್ದರು. ಜಾಡಿ ಹೊತ್ತು ತರುವುದು ಅವರ ಯಜಮಾನರು, ನಿವೃತ್ತ ಅಂಚೆ ನೌಕರರು, ಬಹಳ ಮೆತ್ತಗಿನ ಮನುಷ್ಯ. ಅಕ್ಕೋರು ಒಂದು ತೆಳು ಕ್ಯಾರಿಬ್ಯಾಗನ್ನು ಆ ನೀರಿನಲ್ಲಿ ಬಿಡುತ್ತಿದ್ದರು. ಅದು ಉಬ್ಬಿ, ಅಲುಗಾಡುತ್ತಾ, ಜೀವ ಇದ್ದಂತೆ ತೇಲುತ್ತಿತ್ತು.

“ಇದು ಏನ ಕಂಡಂಗ ಕಾಣತೈತಿ ಹೇಳ್ರಿ ಅಜ್ಜಾರ.”

ಒಬ್ಬ ಅಜ್ಜ ಕಣ್ಣು ಕಿರಿದು ಮಾಡಿ ನೋಡಿ, “ದೆವ್ವ ಕಂಡಂಗ ಕಾಣತೈತಿ ನೋಡವಾ” ಅಂದ.

ಅಕ್ಕೋರು ಬಿದ್ದು ಬಿದ್ದು ನಕ್ಕರು. “ನಿಮಗ ದೆವ್ವ. ಆಮಿಗೆ ಊಟ. ಸಮುದ್ರದಾಗ ಇಂಥಾದ ಒಂದು ಲೋಳಿಮೀನ ಇರತೈತಿ, ಅದು ಅಂತ ತಿಳದು ಇದನ್ನ ನುಂಗತೈತಿ. ಹೊಟ್ಟಿ ಕಟ್ಟಿ ಸಾಯತೈತಿ.”

“ನಮ್ಮ ಎಮ್ಮಿನೂ ಹಂಗ ಸತ್ತಿತು” ಎಂದಳು ಮೆಂತ್ಯಪಲ್ಲೆ ಮಾರುವ ಹೆಂಗಸು. “ಡಾಕ್ಟರ್ ಕೊಯ್ದಾಗ ಹೊಟ್ಟಿ ತುಂಬ ಇವ ಚೀಲ.” ಅಂದಿನಿಂದ ಅಕ್ಕೋರು ಆಮೆಯ ಮಾತಿಗೆ ಮೊದಲು ಎಮ್ಮೆಯ ಮಾತು ತೆಗೆಯತೊಡಗಿದರು. ಜನ ನಿಂತು ಕೇಳತೊಡಗಿದ್ದು ಆಮೇಲೆಯೇ.

ಮದುವೆಗಳಲ್ಲಿ ಅಕ್ಕೋರು ಬಾಟಲಿ ನೀರು ಮುಟ್ಟುತ್ತಿರಲಿಲ್ಲ. ಮನೆಯಿಂದ ತಂಬಿಗೆಯಲ್ಲಿ ನೀರು ಒಯ್ಯುತ್ತಿದ್ದರು. ನಮ್ಮ ಹಳ್ಳಿಗಳ ಕಡೆ ತಂಬಿಗೆ ಹಿಡಿದು ಹೊರಟರೆ ಎಲ್ಲಿಗೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. “ಏನ್ರಿ ಅಕ್ಕೋರ, ಲಗ್ನದ ಮನಿಯಾಗ ಎತ್ತಾಗ ಹೊಂಟೀರಿ?” ಎಂದು ಗಂಡಸರೂ ಚೇಷ್ಟೆ ಮಾಡುತ್ತಿದ್ದರು. “ನೀವು ಹೋಗೂದು ಆತಂದ್ರ ನಿಮಗೂ ಕೊಡತೇನಿ, ತಗೋರಿ” ಎನ್ನುವುದು ಅವರ ಉತ್ತರ.

ನಮ್ಮ ಸಮಾಜ ವಿಜ್ಞಾನದ ಮಾಸ್ತರರು ಒಮ್ಮೆ ಸ್ಟಾಫ್ ರೂಮಿನಲ್ಲಿ ಒಂದು ಪ್ರಶ್ನೆ ಹಾಕಿದರು.

“ಅಕ್ಕೋರ, ನಮ್ಮೂರ ಹಳ್ಳ ತುಂಗಭದ್ರಾ ಸೇರತೈತಿ. ಅದು ಕೃಷ್ಣಾ ಕೂಡಿ ಮೂಡಲ ಸಮುದ್ರಕ್ಕ ಹೋಗತೈತಿ. ನಿಮ್ಮ ಆಮಿ ಇರೂದು ಪಡುವಲ ಸಮುದ್ರದಾಗ. ನಮ್ಮ ಕಸಕ್ಕೂ ನಿಮ್ಮ ಆಮಿಗೂ ಏನ ಸಂಬಂಧರಿ?”

ಅಕ್ಕೋರು ಚಹಾದ ಕಪ್ಪು ಕೆಳಗಿಟ್ಟರು. “ನಡುವ ಬದು ಹಾಕ್ಯಾರೇನ್ರಿ ಸರ?”

ಹೊಲ ಮನೆ ಕಂಡವರು ನಾವೆಲ್ಲ. ಬದು ಇಲ್ಲದ ಹೊಲದಲ್ಲಿ ಒಬ್ಬರ ಕಳೆ ಇನ್ನೊಬ್ಬರಿಗೆ ಬರುವುದು ಗೊತ್ತು. ಮಾಸ್ತರರು ನಕ್ಕುಬಿಟ್ಟರು. ಆ ವರ್ಷದಿಂದ ಅವರೂ ಪ್ರವಾಸಕ್ಕೆ ಹೊರಟರು.

ಇಷ್ಟು ಹೇಳಿದ ಮೇಲೆ ಬಾಟಲಿಗಳ ವಿಷಯ ಹೇಳಬೇಕು. ನನ್ನ ಮಟ್ಟಿಗೆ ಅಕ್ಕೋರು ಯಾರು ಎಂಬುದು ತಿಳಿದದ್ದು ಅಂದೇ.

ಶಾಲೆಯ ಸಮಿತಿಯ ಅಧ್ಯಕ್ಷರು ಊರಿನ ದೊಡ್ಡ ವ್ಯಾಪಾರಿ. ಸಾವ್ಕಾರ್ರು ಎಂದೇ ಎಲ್ಲರೂ ಕರೆಯುತ್ತಿದ್ದರು. ಅವರದೊಂದು ಕಲ್ಯಾಣ ಮಂಟಪ ಇತ್ತು. ಅಲ್ಲಿನ ಮದುವೆಗಳ ತಟ್ಟೆ, ಲೋಟ, ಬಾಟಲಿ ಎಲ್ಲವೂ ಹಿಂದಿನ ಹಳ್ಳಕ್ಕೆ ಬೀಳುತ್ತಿದ್ದವು. ಮೊದಲ ಮಳೆಗೆ ಹಳ್ಳ ಬಂದು ಎಲ್ಲ ತೊಳೆದುಕೊಂಡು ಹೋದರೆ ಊರು ಸ್ವಚ್ಛವಾಯಿತೆಂದು ಜನ ನೆಮ್ಮದಿಯಾಗಿರುತ್ತಿದ್ದರು. ಆ ವರ್ಷ ಅಕ್ಕೋರು ಹುಡುಗರಿಗೆ ‘ಹಳ್ಳದಿಂದ ಸಮುದ್ರದ ತನಕ’ ಎಂಬ ವಸ್ತುಪ್ರದರ್ಶನ ಮಾಡಿಸಲು ಹೊರಟರು. ಹುಡುಗರು ರಜೆಯ ದಿನಗಳಲ್ಲಿ ಹಳ್ಳದ ದಂಡೆ ಹಿಡಿದು ನಡೆದರು. ಪಾಲಕರ ಟ್ರ್ಯಾಕ್ಟರಿನಲ್ಲಿ ಹೊಳೆಯ ತನಕವೂ ಹೋಗಿ ಬಂದರು. ಸಿಕ್ಕಿದ್ದನ್ನೆಲ್ಲ ಚೀಲಗಳಲ್ಲಿ ತಂದರು.

ಅದರಲ್ಲಿ ರಾಶಿಗಟ್ಟಲೆ ಇದ್ದವು ಸಣ್ಣ ನೀರಿನ ಬಾಟಲಿಗಳು. ಈಗಿನ ರೂಢಿಯಂತೆ ಅವುಗಳ ಮೈಮೇಲೆ ವಧೂವರರ ಫೋಟೋ, ಹೆಸರು, ಶುಭವಿವಾಹ. ಸಾವ್ಕಾರ್ರ ಮಗಳು ಸುಧಾಳ ಮದುವೆಯವು. ಅವಳು ನಮ್ಮದೇ ವಿದ್ಯಾರ್ಥಿನಿ.

ಸುದ್ದಿ ಸಾವ್ಕಾರ್ರ ಕಿವಿಗೆ ಬಿತ್ತು. ಮುಖ್ಯಗುರುಗಳ ಕೋಣೆಗೆ ಬಂದು, ಬಾಗಿಲ ಹೊರಗೆ ನಿಂತ ನಮಗೂ ಕೇಳುವಂತೆ ಹೇಳಿದರು: “ನನ್ನ ಮರ್ಯಾದಿ ತಗ್ಯಾಕ ಕುಂತಾರೇನು ಆ ಅಕ್ಕೋರು? ಮಾಡ್ಲಿ. ಇನ್ನ ಮುಂದ ಯಾವ ಪ್ರವಾಸಕ್ಕೂ ಸಮಿತಿ ಒಪ್ಪಿಗಿ ಕೊಡೂದಿಲ್ಲ. ಅವರನ್ನ ಈ ಶಾಲಿಯಾಗೂ ಇರಗೊಡೂದಿಲ್ಲ.”

ಸಮಾಜ ವಿಜ್ಞಾನದ ಮಾಸ್ತರರಿಗೆ ರೋಷ ಬಂತು. ಬಾಟಲಿಗಳನ್ನು ಫೋಟೋ ಕಾಣುವಂತೆ ಸಾಲಾಗಿ ಇಡಬೇಕು, ಇಡೀ ಊರು ನೋಡಲಿ ಎಂದರು. ನಮಗೂ ಅದೇ ಸರಿ ಅನ್ನಿಸಿತು. ಅಕ್ಕೋರು ಬಾಟಲಿಗಳ ಚೀಲ ಎತ್ತಿಕೊಂಡು ಲ್ಯಾಬಿಗೆ ಹೋದರು.

ಪ್ರದರ್ಶನದ ಹಿಂದಿನ ದಿನ ಶಾಲೆ ಬಿಟ್ಟ ಮೇಲೆ ನಾನು ಕೊಡೆ ಮರೆತಿದ್ದೇನೆಂದು ವಾಪಸು ಬಂದೆ. ಲ್ಯಾಬಿನಲ್ಲಿ ನೀರಿನ ಸದ್ದು. ಅಕ್ಕೋರು ತೊಟ್ಟಿಯ ತುಂಬ ಬಾಟಲಿ ನೆನೆಹಾಕಿ, ಒಂದೊಂದನ್ನೇ ಎತ್ತಿ, ಉಗುರಿನಿಂದ ಚೀಟಿ ಕೆರೆಯುತ್ತಿದ್ದರು. ಇಬ್ಬರು ಹುಡುಗಿಯರು ಜೊತೆಗಿದ್ದರು.

“ಏನ ಮಾಡಾಕತ್ತೀರಿ ಅಕ್ಕೋರ?”

“ಫೋಟೋ ತಗ್ಯಾಕತ್ತೇನಿ.”

“ಅಂಜಿದ್ರೇನ್ರಿ?”

ತಲೆ ಎತ್ತಿ ನನ್ನನ್ನು ನೋಡಿದರು. ಸಿಟ್ಟು ಬರುತ್ತದೆ ಅಂದುಕೊಂಡೆ, ಬರಲಿಲ್ಲ.

“ಅವರು ಚೆಲ್ಲಿದ್ದು ಖರೆ. ಆದ್ರ ಆ ಹುಡುಗಿ ಏನ ಮಾಡೇತಿ ತಂಗಿ? ತನ್ನ ಲಗ್ನದ ಫೋಟೋ ಕೆಸರಾಗ ಬಿದ್ದಿದ್ದನ್ನ ಇಡೀ ಊರ ನೋಡಬೇಕೇನು? ನಾಳೆ ಮಂದಿ ಬಾಟ್ಲಿ ನೋಡೂದಿಲ್ಲ, ಫೋಟೋ ನೋಡತಾರ. ಸಾವ್ಕಾರ್ರ ಮ್ಯಾಲ ನಗತಾರ, ಮನಿಗೆ ಹೋಗತಾರ. ಹಳ್ಳ ಹಂಗ ಉಳೀತೈತಿ.”

“ಅವರು ಪ್ರವಾಸ ನಿಲ್ಲಸತಾರಲ್ರಿ?”

“ನಿಲ್ಲಸಿದ್ರ ನಿಲ್ಲಸಲಿ. ನಾ ಒಬ್ಬಾಕಿ ಹೋಗತೇನಿ.”

ನಾನೂ ಸೆರಗು ಸಿಕ್ಕಿಸಿ ಕೂತೆ. ಅಂಟು ಗಟ್ಟಿಯಿತ್ತು, ಉಗುರು ನೋಯುವ ತನಕ ಕೆರೆದೆವು.

ಮರುದಿನ ಊರೇ ಬಂದಿತ್ತು. ಏನಾದರೂ ಆಗುತ್ತದೆ ಎಂದು ನೋಡಲು ಬಂದವರೇ ಹೆಚ್ಚು. ಸಾವ್ಕಾರ್ರೂ ಬಂದರು, ಬಿಳಿ ಅಂಗಿ, ಬಿಗಿದ ಮುಖ. ನೆಲದ ಮೇಲೆ ಹಾಸಿದ್ದ ನೀಲಿ ಬಟ್ಟೆಯ ಮೇಲೆ ಸಾಮಾನುಗಳನ್ನು ಜೋಡಿಸಿದ್ದರು, ಹಳ್ಳದ್ದು ಈ ಕಡೆ, ಹೊಳೆಯದು ನಡುವೆ, ಹಿಂದಿನ ಪ್ರವಾಸಗಳಲ್ಲಿ ತಂದ ಸಮುದ್ರದ್ದು ಆ ಕಡೆ. ಸಾವ್ಕಾರ್ರು ಸೀದಾ ಬಾಟಲಿಗಳ ಹತ್ತಿರ ಹೋದರು. ಬಗ್ಗಿ ಒಂದನ್ನು ಎತ್ತಿ ತಿರುಗಿಸಿದರು. ಚೀಟಿ ಪೂರ್ತಿ ಬಿಟ್ಟಿರಲಿಲ್ಲ. ಮದುವೆಯ ಸೀರೆಯ ಕೆಂಪು ಅಂಚು ಚೂರು ಉಳಿದಿತ್ತು.

“ಇದರ ಚೀಟಿ ಎಲ್ಲಿ?” ಎಂದು ಅಲ್ಲಿ ನಿಂತ ಹುಡುಗಿಯನ್ನು ಕೇಳಿದರು.

“ಅಕ್ಕೋರು ತಗದ್ರಿ. ಸುಧಕ್ಕನ ಲಗ್ನದ ಫೋಟೋ ಇದ್ವು, ಯಾರೂ ನೋಡಬಾರದು ಅಂದ್ರು” ಎಂದಳು ಹುಡುಗಿ, ಏನನ್ನೂ ಮುಚ್ಚಿಡದೆ.

ಸಾವ್ಕಾರ್ರು ಅದನ್ನು ಹಾಗೇ ಹಿಡಿದುಕೊಂಡು ನಿಂತರು. ಅಕ್ಕೋರು ದೂರದಲ್ಲಿ ಯಾರಿಗೋ ದೊಡ್ಡ ದನಿಯಲ್ಲಿ ಎಮ್ಮೆಯ ಕಥೆ ಹೇಳುತ್ತಿದ್ದರು. ಈ ಕಡೆ ನೋಡಲೂ ಇಲ್ಲ. ಸಾವ್ಕಾರ್ರು ಬಾಟಲಿಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟು ಹೊರಟುಹೋದರು. ಮುಗೀತು, ಇನ್ನು ವರ್ಗಾವಣೆ ಖಂಡಿತ ಎಂದುಕೊಂಡೆವು.

ವರ್ಗಾವಣೆ ಬರಲಿಲ್ಲ. ಒಪ್ಪಿಗೆಯ ಕಾಗದಕ್ಕೆ ಸಹಿ ಬಿತ್ತು. ಪ್ರವಾಸದ ದಿನ ನಸುಕಿನಲ್ಲಿ ಅವರನ್ನು ಕಳಿಸಲು ನಾನೂ ಹೋಗಿದ್ದೆ. ಬಸ್ಸು ಬಿಡುವ ಹೊತ್ತಿಗೆ ಸುಧಾ ಬ್ಯಾಗು ಹಿಡಿದು ಬಂದು ನಿಂತಿದ್ದಳು. ಗಂಡನ ಮನೆ ಗದಗಿನಲ್ಲಿ. ಹಿಂದಿನ ದಿನವೇ ತವರಿಗೆ ಬಂದಿದ್ದಳಂತೆ.

“ಅಕ್ಕೋರ, ನನಗೂ ಜಾಗಾ ಐತೇನ್ರಿ? ಅಪ್ಪಾರು ಹೋಗಿ ಬಾ ಅಂದಾರ.”

“ಅಪ್ಪಾರು ಮತ್ತೇನ ಅಂದ್ರು?”

“ಏನೂ ಅನ್ನಲಿಲ್ರಿ. ಬಸ್‌ಸ್ಟ್ಯಾಂಡ ತನಾ ಬಂದು ಬಿಟ್ಟು ಹೋದ್ರು.”

“ಹತ್ತು ಒಳಗ” ಎಂದು ಅಕ್ಕೋರು ತಮ್ಮ ಸೀಟಿನಲ್ಲೇ ಸರಿದು ಕೂತರು.

ಸಾವ್ಕಾರ್ರು ಪೂರ್ತಿ ಬದಲಾದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಮಂಟಪದಲ್ಲಿ ಬಾಟಲಿಗಳು ಈಗಲೂ ಇವೆ. ಆದರೆ ಹಳ್ಳಕ್ಕೆ ಸುರಿಯುವುದು ನಿಂತಿತು. ಪುರಸಭೆಯ ಗಾಡಿ ಬಂದು ಒಯ್ಯುತ್ತದೆ. “ಅರ್ಧಾ ಆತಲ್ಲ” ಎಂದು ಅಕ್ಕೋರು ಸಮಾಧಾನಪಟ್ಟರು. ಇನ್ನರ್ಧಕ್ಕಾಗಿ ಅವರೊಡನೆ ಕೊನೆಯ ತನಕ ಜಗಳಾಡುತ್ತಲೇ ಇದ್ದರು. ಸಾವ್ಕಾರ್ರೂ ಜಗಳಾಡುತ್ತಲೇ ಪ್ರತಿ ವರ್ಷದ ಬಸ್ಸಿಗೆ ಬುತ್ತಿ ಕಟ್ಟಿಸಿ ಕಳಿಸುತ್ತಿದ್ದರು, ಮುತ್ತಲದ ಎಲೆಯ ತಟ್ಟೆಗಳ ಸಮೇತ.

ಒಂದು ಸಲ ಅಕ್ಕೋರು ಮಾದೇವಿಯನ್ನೂ ಮುಂಡರಗಿಗೆ ಕರೆಸಿದರು. ತಾಯಂದಿರ ಸಭೆ. ಸಮುದ್ರ ಕಾಣದ ನಮ್ಮ ಹೆಂಗಸರು ಅವಳನ್ನು ಸುತ್ತುವರಿದು, ನೀರು ಖರೇನ ಉಪ್ಪೇನ್ರಿ, ಗಂಡಸರು ದೋಣಿಯಲ್ಲಿ ಹೋದರೆ ನಿಮಗೆ ನಿದ್ದೆ ಬರುತ್ತದೇನ್ರಿ ಎಂದು ಕೇಳಿದ್ದೇ ಕೇಳಿದ್ದು. ಮಳೆಗಾಲ ಕಳೆದು ಮೊದಲ ಸಲ ಬಲೆ ಎಳೆದಾಗ ಮೀನಿಗಿಂತ ಹೆಚ್ಚು ಚೀಲ ಬರುತ್ತವೆ ಎಂದು ಅವಳು ಹೇಳಿದಾಗ ಒಬ್ಬಾಕೆ, “ಅವು ನಮ್ಮೂರವು ಅಲ್ಲ ಹೌದಲ್ರಿ?” ಎಂದಳು.

“ಚೀಲದ ಮೇಲೆ ಊರ ಹೆಸರು ಬರೆದಿರೂದಿಲ್ಲ ಮಾರಾಯ್ತಿ” ಎಂದು ಮಾದೇವಿ ನಕ್ಕಳು. “ಯಾರದ್ದಾದ್ರೂ ನಾನೇ ಬಿಡಿಸಿ ಹಾಕಬೇಕು.”

ನಿವೃತ್ತಿಯಾದ ಮೇಲೂ ಅಕ್ಕೋರು ಬಿಡಲಿಲ್ಲ. ಚಳಿಗಾಲ ಪೂರ್ತಿ ಮಾದೇವಿಯ ಮನೆಯಲ್ಲೇ ಇದ್ದುಬಿಡುತ್ತಿದ್ದರು. ಶಿರಹಟ್ಟಿ, ಲಕ್ಷ್ಮೇಶ್ವರ, ಗದಗಿನ ಶಾಲೆಗಳಿಂದಲೂ ಹುಡುಗರು ಬರತೊಡಗಿದರು. ಈ ವರ್ಷ ದಸರೆ ಕಳೆದ ಮೇಲೆ ಎದೆನೋವು ಎಂದರು. ಗದಗಿನ ಆಸ್ಪತ್ರೆಯಲ್ಲಿ ನೋಡಲು ಹೋದರೆ, ಮೂಗಿಗೆ ನಳಿಗೆ ಹಾಕಿಕೊಂಡೇ, ಪ್ರವಾಸಕ್ಕೆ ಬಸ್ಸು ಹೇಳಿದಿರಾ ಎಂದು ಕೇಳಿದರು. ಇನ್ನೂ ಇಲ್ಲ ಅಂದೆ. “ಜಲ್ದಿ ಹೇಳ್ರಿ, ಆಮ್ಯಾಲ ಸಿಗೂದಿಲ್ಲ” ಅಂದರು. ನಾನು ಅವರಿಂದ ಕೇಳಿದ ಕೊನೆಯ ಮಾತು ಅದು.

ಹೋದ ವಾರ ಅವರ ಯಜಮಾನರು ನಮ್ಮ ಮನೆಗೆ ಬಂದರು. ಕೈಯಲ್ಲಿ ಅಕ್ಕೋರ ಫೋನು, ಅದು ರಿಂಗಾಗುತ್ತಿತ್ತು. ಪರದೆಯ ಮೇಲೆ ಮಾದೇವಿಯ ಹೆಸರು.

“ಆಕಿಗೆ ಇನ್ನೂ ಖಬರ ಮುಟ್ಟಿಸಿಲ್ಲ ತಂಗಿ. ಮುಂಜಾನಿಂದ ಮಾಡಾಕತ್ತಾಳ. ನನಗ ಹೇಳಾಕ ಆಗವಲ್ದು. ನೀವ ಹೇಳ್ರಿ.”

ಫೋನು ತೆಗೆದುಕೊಂಡೆ. ನಾನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಖುಷಿಯ ದನಿ. “ಟೀಚರೇ, ಆಮೆ ಬಂತು! ಈ ವರ್ಷದ ಮೊದಲ ಗುಂಡಿ ಇವತ್ತು ಬೆಳಿಗ್ಗೆ ಸಿಕ್ತು. ನೀವು ಯಾವಾಗ ಬರ್ತ್ರಿ?”

ನಾನು ಯಾರೆಂದು ಹೇಳಿದೆ. ಆಮೇಲೆ ಆಗಿದ್ದನ್ನು ಹೇಳಿದೆ.

ಆ ಕಡೆಯಿಂದ ಗಾಳಿ ಬೀಸುವ ಸದ್ದು, ಅಲೆಯ ಸದ್ದು ಕೇಳುತ್ತಿತ್ತು. ದಂಡೆಯಲ್ಲೇ ನಿಂತು ಮಾತಾಡುತ್ತಿದ್ದಳೇನೋ. ಅಳುತ್ತಿದ್ದಾಳೆಂದು ತಿಳಿಯಿತು, ನಾನು ಫೋನು ಕಿವಿಗೆ ಹಿಡಿದೇ ಇದ್ದೆ. ಯಜಮಾನರು ಕಟ್ಟೆಯ ಮೇಲೆ ಕೂತು ನೆಲ ನೋಡುತ್ತಿದ್ದರು. ಆಮೇಲೆ ಅವಳ ದನಿ ಬಂತು.

“ಹಾಂಗಾದ್ರೆ ಹುಡುಗರನ್ನ ಇನ್ನು ಯಾರು ಕರ್ಕೊಂಡು ಬರ್ತ್ರು?”

“ನಾ ಬರತೇನ್ರಿ” ಅಂದೆ.

“ಎಷ್ಟು ಜನ ಆಗ್ತ್ರಿ?” ಎಂದು ಮೂಗು ಒರೆಸಿಕೊಂಡು ಕೇಳಿದಳು. “ಅಕ್ಕಿ ತಂದಿಡ್ಬೇಕಲ್ಲ.”